ಮಾವನ ಸೊಂಟವೂ ಡಾಕ್ಟರ ಗಂಟಲೂ

ಮೊದಲೇ ಹೇಳಿಬಿಡುವುದು ವಾಸಿ. ನಮ್ಮ ಅನಂತ ಮಾವನ ಸೊಂಟದ ಆಪರೇಷನ್ ಒಂದು ಸಲ ಆಸ್ಪತ್ರೆಯ ಬಾಗಿಲಿನವರೆಗೆ ಹೋಗಿ ವಾಪಸು ಬಂದದ್ದು ನನ್ನಿಂದ. ನೆಂಟರಲ್ಲಿ ಕೆಲವರು ಇದಕ್ಕಾಗಿ ಆಸ್ಪತ್ರೆಯನ್ನು ಬೈಯುತ್ತಾರೆ, ಕೆಲವರು ಶನಿಯನ್ನು ಬೈಯುತ್ತಾರೆ. ಇಬ್ಬರೂ ನಿರಪರಾಧಿಗಳು. ತಪ್ಪು ನನ್ನ ಗಂಟಲಿನದು. ಕೆಲವರಿಗೆ ಕೈ ಸುಮ್ಮನಿರುವುದಿಲ್ಲ, ಕೆಲವರಿಗೆ ನಾಲಿಗೆ ಸುಮ್ಮನಿರುವುದಿಲ್ಲ. ನನಗೆ ನಾಲಿಗೆಯ ಹಿಂದಿನ ಕೊಳವೆ ಸುಮ್ಮನಿರುವುದಿಲ್ಲ. ಯಾರಾದರೂ ನನ್ನೆದುರು ನಾಲ್ಕು ಮಾತಾಡಿದರೆ ಸಾಕು, ಅವರ ದನಿ ಮುಂಗಡದ ಪಗಡಿಯನ್ನೂ ಕೊಡದೆ ಬಾಡಿಗೆಯನ್ನೂ ಕೊಡದೆ ನನ್ನ ಗಂಟಲಿನಲ್ಲಿ ಬಂದು ಒಕ್ಕಲಾಗುತ್ತದೆ. ಅಲ್ಲಿ ನಮ್ಮ ಫೋರ್ಟ್ ಆಫೀಸಿನ ಸೂಪರಿಂಟೆಂಡೆಂಟರಿದ್ದಾರೆ, ಲೋಕಲ್ ರೈಲಿನಲ್ಲಿ ಬಾಚಣಿಗೆ ಮಾರುವವನಿದ್ದಾನೆ, ನನ್ನ ಸ್ವಂತ ಅಜ್ಜಿಯೂ ಇದ್ದಾಳೆ. ದಹಿಸರ್‌ನಲ್ಲಿ ಒಂದು ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಮೂಗಿನಿಂದ, ರೇಡಿಯೋ ವಾರ್ತೆ ಓದುವವರ ಗತ್ತಿನಲ್ಲಿ ನನ್ನ ಸಂಬಳ ಕೇಳಿದರು. ನಾನು ನನಗೇ ತಿಳಿಯದೆ ಅದೇ ಮೂಗಿನಿಂದ, ಅದೇ ಗತ್ತಿನಲ್ಲಿ ಉತ್ತರ ಕೊಟ್ಟೆ. ಆಮೇಲೆ ಅವರ ಕಡೆಯಿಂದ ಬಂದ ಸಮಾಚಾರ: ‘ಹುಡುಗ ಒಳ್ಳೆಯವನೇ, ಆದರೆ ನಮ್ಮ ಮನೆಗೆ ಅಂಥವರು ಒಬ್ಬರು ಸಾಕು.’

ಅನಂತ ಮಾವ ಅಂದರೆ ನನ್ನ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಚಡ್ಡಿಯಲ್ಲಿ ಬಂದು, ಲೋಟ ತೊಳೆದು, ಕೊನೆಗೆ ಗ್ರಾಂಟ್ ರೋಡ್‌ನಲ್ಲಿ ತಮ್ಮದೇ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಕುರ್ಚಿಯಲ್ಲಿ ಕುಳಿತವರು. ಹಾಗೆ ಕುಳಿತೇ ಕುಳಿತು ಅವರ ಎಡಗಡೆಯ ಸೊಂಟದ ಕೀಲು ಸವೆದುಹೋಯಿತೆಂದು ಅವರ ಹೆಂಡತಿ ಸರೋಜತ್ತೆಯ ವಾದ. ಅಲ್ಲ, ಹಿಂದೆ ಅಕ್ಕಿಮೂಟೆ ಹೊತ್ತು ಸವೆದದ್ದು ಎಂದು ಮಾವನ ವಾದ. ಅಂತೂ ಸವೆದದ್ದು ನಿಜ. ಮನೆ ಹೋಟೆಲಿನ ನೆತ್ತಿಯ ಮೇಲೇ ಇತ್ತು, ಅದೇ ಚಾಳಿನ, ಅಂದರೆ ವಠಾರದ, ಮೂರನೆಯ ಮಾಳಿಗೆಯಲ್ಲಿ. ಆದರೆ ಚಾಳಿನ ಮರದ ಮೆಟ್ಟಿಲುಗಳು ಆರೋಗ್ಯವಂತರಿಗೂ ಸಲಾಮು ಹೊಡೆಸುವಂಥವು. ಮೊದಮೊದಲು ಮಾವ ಕಂಬಿ ಹಿಡಿದು ಹತ್ತುತ್ತಿದ್ದರು, ಆಮೇಲೆ ಮಾಣಿಗಳನ್ನು ಹಿಡಿದು ಹತ್ತುತ್ತಿದ್ದರು, ಕೊನೆಗೆ ಹತ್ತುವುದನ್ನೇ ಬಿಟ್ಟು ಹೋಟೆಲಿನ ಒಳಕೋಣೆಯಲ್ಲಿ, ರವೆಯ ಮೂಟೆಗಳ ಪಕ್ಕದಲ್ಲಿ ಮಂಚ ಹಾಕಿಸಿಕೊಂಡರು. ಹೀಗೆ ಗಂಡ ಕೆಳಗೆ, ಹೆಂಡತಿ ಮೇಲೆ. ಇಬ್ಬರ ಸಂಸಾರವನ್ನು ಜೋಡಿಸಿದ್ದು ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಯುತ್ತಿದ್ದ ಒಂದು ಬುಟ್ಟಿ. ಬೇರೆ ಮನೆಯವರ ಬುಟ್ಟಿಗಳು ತರಕಾರಿ ತರಲು ಇಳಿದರೆ ಅತ್ತೆಯ ಬುಟ್ಟಿಯಲ್ಲಿ ಒಗೆದ ಪಂಚೆ, ಮಜ್ಜಿಗೆಯ ಗಿಂಡಿ ಮತ್ತು ಕಾಗದದಲ್ಲಿ ಮಡಚಿದ ಒಂದು ಪುಟ್ಟ ಬಿಳಿ ಗುಳಿಗೆ ಇಳಿಯುತ್ತಿದ್ದವು. ಆ ಗುಳಿಗೆ ಎದೆಯದು. ಮಾವನ ಹೃದಯಕ್ಕೆ ಆಗಾಗ ತಾಳ ತಪ್ಪಿ ಓಡುವ ಚಟವಿತ್ತು. ಅದನ್ನು ಹಿಡಿದು ನಡೆಸುವುದು ಈ ಗುಳಿಗೆಯ ಕೆಲಸ.

ಸೊಂಟದ ಕೀಲನ್ನು ತೆಗೆದು ಉಕ್ಕಿನದೊಂದನ್ನು ಕೂರಿಸುವ ವಿದ್ಯೆ ಆಗಷ್ಟೇ ನಮ್ಮ ಕಿವಿಗೆ ಬಿದ್ದಿತ್ತು. ಪರೇಲಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಮಾಡುವ ಡಾಕ್ಟರಿದ್ದಾರೆ, ಅವರು ನಮ್ಮ ಧಾರವಾಡದವರೇ ಎಂದು ಗೊತ್ತಾದ ಮೇಲೆ ಹೋಟೆಲಿನಲ್ಲಿ ಇಡ್ಲಿಗಿಂತ ಹೆಚ್ಚಾಗಿ ಅದೇ ಖರ್ಚಾಗತೊಡಗಿತು. ಹಿತ್ತಾಳೆಯ ಲೋಟಗಳನ್ನೆಲ್ಲ ತೆಗೆದು ಸ್ಟೀಲ್ ಲೋಟ ತರಿಸಿದ ವರ್ಷವದು. ‘ಹೋಟೆಲೆಲ್ಲ ಸ್ಟೀಲ್ ಆಯಿತು, ಬಾಕಿ ಉಳಿದದ್ದು ಯಜಮಾನರು ಮಾತ್ರ’ ಎಂದು ನಾನು ಒಬ್ಬ ಗಿರಾಕಿಯ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮಾವ ನಗಲಿಲ್ಲ. ಆಗ ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

ಧಾರವಾಡದ ಡಾಕ್ಟರು ನನ್ನ ಗಂಟಲಿಗೆಂದೇ ಹುಟ್ಟಿದವರು. ಭಾರಿ ಮೀಸೆ, ಬಾವಿಯೊಳಗಿಂದ ಬರುವ ದನಿ. ಪ್ರತಿ ಮಾತಿನ ಕೊನೆಗೂ ಕೋರ್ಟಿನ ಮೊಹರು ಒತ್ತಿದ ಹಾಗೆ ಒಂದು ‘ತಿಳೀತಿಲ್ಲೋ?’ ಅವರು ಮಾವನನ್ನು ಮಲಗಿಸಿ, ಕಾಲು ತಿರುಗಿಸಿ, ಎದೆಯ ಡಾಕ್ಟರನ್ನೂ ಕರೆಸಿ ವಿಚಾರಿಸಿ ಕೊನೆಗೆ ಹೇಳಿದರು: “ರಾಯರ, ಎರಡು ಗುಳಿಗಿ ಅದಾವ ನೋಡ್ರಿ ನಿಮ್ಮವು. ಒಂದು ಎದಿದು, ಒಂದು ನೋವಿಂದು. ಆ ನೋವಿನ ಗುಳಿಗಿ ರಕ್ತ ತೆಳ್ಳಗ ಮಾಡ್ತದ. ಆಪರೇಷನ್ನಿಗೆ ಒಂದು ವಾರ ಮೊದಲ ಅದನ್ನ ಬಂದ್ ಮಾಡ್ರಿ, ಇಲ್ಲಾಂದ್ರ ಕೊಯ್ದಲ್ಲೆ ರಕ್ತ ನಿಲ್ಲಂಗಿಲ್ಲ. ಎದಿ ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಆಪರೇಷನ್ ದಿವಸ ಮುಂಜಾನಿ ಸುದ್ದಾ ಒಂದ್ ಗುಟುಕು ನೀರಾಗ ನುಂಗಬೇಕು. ತಿಳೀತಿಲ್ಲೋ? ಮತ್ತ, ತಿನ್ನೋದು ಕಡಿಮಿ ಮಾಡ್ರಿ.” ಈ ಕೊನೆಯ ಮಾತನ್ನು ಅವರು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರು. ಹೋಟೆಲಿಟ್ಟವನಿಗೆ ತಿನ್ನಬೇಡ ಎನ್ನುವುದು ತನ್ನ ಕುಲಕ್ಕೇ ಮಾಡಿದ ಅವಮಾನವೆಂದು ಮಾವ ಟ್ಯಾಕ್ಸಿಯುದ್ದಕ್ಕೂ ಗೊಣಗಿದರು.

ಆ ವಾರ ಬಂತು. ನೋವಿನ ಗುಳಿಗೆ ಬಂದ್ ಆಗಲಿಲ್ಲ. ಎದುರಿನ ಅಂಗಡಿಯಿಂದ ಬಿಡಿಬಿಡಿಯಾಗಿ ತರಿಸಿ ಮಾವ ಗಲ್ಲಾಪೆಟ್ಟಿಗೆಯ ಡ್ರಾವರಿನಲ್ಲಿ ಚಿಲ್ಲರೆಯ ಕೆಳಗೆ ಬಚ್ಚಿಡುತ್ತಿದ್ದರು. ಚಹಾದ ಜೊತೆ ಒಂದು ಎಸೆದುಕೊಳ್ಳುವುದನ್ನು ಅತ್ತೆ ಮೂರನೆಯ ಮಾಳಿಗೆಯಿಂದಲೇ ಕಂಡುಹಿಡಿದಿದ್ದಳು. ಹೇಗೆಂದು ಕೇಳಬೇಡಿ, ನಮ್ಮ ಅತ್ತೆಯಂದಿರಿಗೆ ಅದು ಹುಟ್ಟಿನಿಂದ ಬರುತ್ತದೆ. ಸಂಜೆ ನಾನು ಹೋದರೆ ಬಾಲ್ಕನಿಯಿಂದ ಬಗ್ಗಿ, “ಶ್ರೀಧರಾ, ನಿನ್ನ ಮಾವನಿಗೆ ಸ್ವಲ್ಪ ಬುದ್ಧಿ ಹೇಳು ಮಾರಾಯ! ನಾನು ಹೇಳಿದ್ರೆ ಹಗ್ಗದಲ್ಲಿ ಇಳೀತದೆ, ಕಿವಿಗೆ ಹೋಗೂದಿಲ್ಲ” ಎಂದಳು. ನಾನು ಬುದ್ಧಿ ಹೇಳಿದೆ. ಮಾವ ನನಗೆ ಒಂದು ಬನ್ಸ್ ತಿನ್ನಿಸಿ ಕಳಿಸಿದರು. ದಹಿಸರ್‌ನ ನನ್ನ ಖೋಲಿಗೆ ಹೋಗುವ ಲೋಕಲ್‌ನಲ್ಲಿ ನೇತಾಡುತ್ತಾ ಯೋಚಿಸಿದೆ. ಅತ್ತೆಯ ಮಾತು ಕೇಳುವುದಿಲ್ಲ, ನನ್ನ ಮಾತು ಕೇಳುವುದಿಲ್ಲ. ಡಾಕ್ಟರ ಮಾತನ್ನು ಕೇಳಲೇಬೇಕಲ್ಲ? ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೇನಾಯಿತು, ಅವರ ದನಿ ನನ್ನ ಹತ್ತಿರ ಬಿಟ್ಟಿ ಬಿದ್ದಿದೆ.

ಮರುದಿನ ಸೂಪರಿಂಟೆಂಡೆಂಟರು ಊಟಕ್ಕೆ ಹೋದ ಸಮಯ ನೋಡಿ ಆಫೀಸಿನ ಫೋನಿನಿಂದ ಹೋಟೆಲಿಗೆ ಡಯಲ್ ತಿರುಗಿಸಿದೆ. ಸುತ್ತಲೂ ನಮ್ಮ ಗುಮಾಸ್ತರ ಮಂಡಲಿ ನೆರೆಯಿತು. ಪ್ರೇಕ್ಷಕರಿದ್ದರೆ ನನಗೆ ಹಿಡಿತ ತಪ್ಪುತ್ತದೆ. ಎಲ್ಲ ಅನಾಹುತದ ಮೂಲ ಅದು. “ಏನ್ರೀ ರಾಯರ!” ಎಂದು ಬಾವಿಯೊಳಗಿಂದ ಶುರುಮಾಡಿದೆ. “ನೋವಿನ ಗುಳಿಗಿ ಬಂದ್ ಮಾಡ್ರಿ ಅಂತ ಹೇಳಿದ್ನಲ್ಲ? ಡ್ರಾವರಿನಾಗ ಏನಿಟ್ಟೀರಿ ಅನ್ನೋದು ಪರೇಲ್ ತನಕ ವಾಸನಿ ಬರ್ತದ!” ಗುಮಾಸ್ತರು ಬಾಯಿಗೆ ಕೈಯಿಟ್ಟು ನಕ್ಕರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಮಾತು ಮೀಸೆ ತಿರುವಿಕೊಂಡು ಮುಂದೆ ಹೋಯಿತು: “ಇವತ್ತಿನಿಂದ ಒಂದ ಒಂದು ಗುಳಿಗಿ ಬಾಯಾಗ ಹಾಕಬ್ಯಾಡ್ರಿ! ಯಾವುದೂ ಬ್ಯಾಡ! ತಿಳೀತಿಲ್ಲೋ?” ಆ ಕಡೆಯಿಂದ ಮಾವ ವಿನಯದಿಂದ “ಆಯ್ತು ಡಾಕ್ಟ್ರೇ” ಎಂದರು. ಫೋನಿಡುವ ಮೊದಲು ಧಾರವಾಡದ ಮಣ್ಣಿನ ವಾಸನೆ ಸ್ವಲ್ಪ ಬರಲಿ ಎಂದು ಒಂದು ಕೈಚಳಕವನ್ನೂ ಸೇರಿಸಿದೆ: “ಊಟ ಆತೇನ್ರಿ?” ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮಾವ, “ಆಯ್ತು, ಆಯ್ತು. ನಿಮ್ಮದು?” ಎಂದರು. ಗುಮಾಸ್ತರು ಮೇಜು ಬಡಿದರು. ಆ ಕೊನೆಯ ಮಾತಿನಲ್ಲೇ ಡಾಕ್ಟರು ಸಾಕ್ಷಾತ್ ಇಳಿದುಬಂದರೆಂದು ನಾನು ವಾರವಿಡೀ ಬೀಗಿದೆ.

ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಮಾವನ ಕೈ ಹಿಡಿದರು, ಹಿಡಿದವರು ಬಿಡಲಿಲ್ಲ. ಗಡಿಯಾರ ನೋಡಿದರು, ಎದೆಗೆ ಕೊಳವೆಯಿಟ್ಟರು, ಮೀಸೆ ಕಚ್ಚಿದರು. “ಎದಿ ಗುಳಿಗಿ ಯಾವಾಗ ತಗೊಂಡ್ರಿ ರಾಯರ?” ಮಾವ ಸಣ್ಣ ಹುಡುಗನ ಹಾಗೆ ಹೇಳಿದರು: “ನೀವೇ ಅಲ್ವಾ ಫೋನಿನಲ್ಲಿ ಒಂದೂ ಬೇಡ ಅಂದದ್ದು? ಆವತ್ತೇ ನಿಲ್ಲಿಸಿಯಾಯ್ತಲ್ಲ.” ಅತ್ತೆ ಬುಟ್ಟಿಯಲ್ಲಿ ಇಳಿಸಿದ ಬಿಳಿ ಗುಳಿಗೆಗಳೆಲ್ಲ ಆ ಚಿಲ್ಲರೆಯ ಕೆಳಗೇ ಭದ್ರವಾಗಿದ್ದವು! ಗೋಡೆಯ ಮೇಲೆ ಎಲುಬುಗೂಡಿನ ಒಂದು ಚಿತ್ರವಿತ್ತು. ನಾನು ಅದರ ಪಕ್ಕೆಲುಬುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. “ನಾ ಯಾವಾಗ ಫೋನ್ ಮಾಡಿದ್ನಿ?” ಎಂದು ಡಾಕ್ಟರು ಗುಡುಗಿದಾಗ ಅತ್ತೆ ನನ್ನ ಕಡೆ ತಿರುಗಿದಳು. ತಿರುಗಿದಳು, ಅಷ್ಟೇ. ನಾನು ಒಪ್ಪಿಕೊಂಡೆ. ಡಾಕ್ಟರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಮಾಡಿ ತೋರಸ್ರಿ ನೋಡೂಣು, ನನ್ನ ದನಿ” ಎಂದರು. ನಾನು ಬಾಯಿ ತೆರೆದೆ. ಬಾವಿ ಬತ್ತಿತ್ತು. ನನ್ನದೇ ದನಿ ಹೊರಗೆ ಬಂತು, ಅದೂ ಕಾಲುಭಾಗ. “ಇಷ್ಟ ಸಣ್ಣದೇನ್ರಿ ನನ್ನ ದನಿ?” ಎಂದವರು ಆಮೇಲೆ ನಗೆಯನ್ನು ಬದಿಗಿಟ್ಟು ಹೇಳಿದರು: “ತಮ್ಮಾ, ಎದಿ ಹಳಿ ಬಿಟ್ಟು ಓಡ್ಲಿಕ್ಕತ್ತದ. ಇಂಥಾದ್ರಾಗ ಮೂಗಿಗೆ ಔಷಧ ಹಿಡಿದು ಮಲಗಿಸಿದ್ರ, ಎಬ್ಬಸೋದು ನನ್ನ ಕೈಯಾಗಿಲ್ಲ. ಮನೀಗೆ ಕರ್ಕೊಂಡು ಹೋಗ್ರಿ. ಎದಿ ತಾಳಕ್ಕ ಬಂದ ಮ್ಯಾಲೆ ನೋಡೂಣು.” ಆ ಮಾತನ್ನು ನಾನು ಈವರೆಗೆ ಯಾರಿಗೂ ಅನುಕರಣೆ ಮಾಡಿ ತೋರಿಸಿಲ್ಲ.

ಅತ್ತೆ ಕೊಟ್ಟ ಶಿಕ್ಷೆ ಹೀಗಿತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ನಾನು ಗ್ರಾಂಟ್ ರೋಡ್‌ನಲ್ಲಿ ಇಳಿದು, ಬುಟ್ಟಿಯಿಂದ ಗುಳಿಗೆ ತೆಗೆದು ಮಾವನ ಬಾಯಿಗೆ ಹಾಕಬೇಕು. ಮಾವ ನುಂಗಿ ನಾಲಿಗೆ ಚಾಚಬೇಕು. ಮೇಲಿನಿಂದ “ನುಂಗಿದರಾ?” ಎಂದು ಅತ್ತೆ ಕೂಗಿದಾಗ ನಾನು, ನನ್ನ ಸ್ವಂತ ದನಿಯಲ್ಲಿ, “ನುಂಗಿದರು!” ಎಂದು ಕೂಗಬೇಕು. ಕೆಲವೇ ದಿನಗಳಲ್ಲಿ ಎದುರಿನ ಕ್ಷೌರಿಕ, ಪಕ್ಕದ ಚಹಾದಂಗಡಿಯ ಇರಾಣಿ, ಎರಡನೆಯ ಮಾಳಿಗೆಯ ಮರಾಠಿ ಹೆಂಗಸು ಎಲ್ಲರೂ ಅದೇ ಹೊತ್ತಿಗೆ ಕೆಲಸ ಬಿಟ್ಟು ಕಾಯತೊಡಗಿದರು, ನಾನು ತಡಮಾಡಿದರೆ ಕ್ಷೌರಿಕನೇ ಅಚ್ಚಗನ್ನಡದಲ್ಲಿ “ನುಂಗಿದರು!” ಎನ್ನುತ್ತಿದ್ದ. ನೋವಿನ ಗುಳಿಗೆಯ ಬದಲು ಬಿಸಿನೀರಿನ ರಬ್ಬರ್ ಚೀಲವೂ, ಡಾಕ್ಟರು ಒಪ್ಪಿದ ಇನ್ನೊಂದು ಸಾಧು ಗುಳಿಗೆಯೂ ಬಂದವು. ಸಾಧುವಿನಿಂದ ಮಾವನಿಗೇನೂ ಆಗುತ್ತಿರಲಿಲ್ಲ. ಕುರ್ಚಿಯಿಂದ ಇಳಿಯುವಾಗ ಅವರ ಮುಖ ಬೆಳ್ಳಗಾಗುವುದನ್ನು ನೋಡಿದರೆ ನನ್ನೊಳಗಿನ ಬಾಡಿಗೆದಾರರೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ನಾನು ಹೋಟೆಲಿನ ಮೆಟ್ಟಿಲು ಹತ್ತುತ್ತಿದ್ದೆ. ಒಳಗೆ ಮಾವ ಫೋನ್ ಹಿಡಿದು ಕಿರುಚುತ್ತಿದ್ದರು: “ಸಾಕು ಮಾಡು ಮಾರಾಯ ನಿನ್ನ ಆಟ! ಒಮ್ಮೆ ಸಾಯಿಸಲಿಕ್ಕೆ ನೋಡಿದ್ದು ಸಾಕಾಗಲಿಲ್ವಾ? ಕತ್ತೆ! ನಾಳೆ ಬಾ, ನಿನಗೆ ಬನ್ಸ್ ಅಲ್ಲ, ಬೆತ್ತ ಉಂಟು!” ಅಷ್ಟರಲ್ಲಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ನನ್ನನ್ನು ನೋಡಿದರು, ಫೋನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಫೋನಿನೊಳಗಿಂದ ‘ತಿಳೀತಿಲ್ಲೋ’ ಎಂಬುದು ಜೇನುನೊಣದಂತೆ ಗುಂಯ್ಗುಡುತ್ತಿತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ದೇವರಿಗೆ ಆರತಿ ಎತ್ತುವವರ ಹಾಗೆ ನನ್ನ ಕಡೆ ಚಾಚಿದರು. ಹಾಸಿಗೆ ಖಾಲಿಯಾಗಿದೆ, ಕರೆದುಕೊಂಡು ಬನ್ನಿ ಎಂದು ತಿಳಿಸಲು ಡಾಕ್ಟರು ತಾವೇ ಫೋನ್ ಮಾಡಿದ್ದರು. ಆಮೇಲೆ ಮಾವ ನನ್ನ ಮೇಲೇ ಹರಿಹಾಯ್ದರು: “ನಾನೇನು ಮಾಡಲಿ? ಹೆದರಬ್ಯಾಡ್ರಿ, ನಾ ಅದೀನಿ ಅಂತ ಎಷ್ಟು ಪ್ರೀತಿಯಲ್ಲಿ ಮಾತಾಡಿದರು ಗೊತ್ತುಂಟಾ? ಇದು ಡಾಕ್ಟರು ಅಲ್ಲವೇ ಅಲ್ಲ ಅಂದುಕೊಂಡೆ!”

ಆಪರೇಷನ್ ಆಯಿತು. ಆ ಬೆಳಿಗ್ಗೆ ‘ಉಪವಾಸ ಅಂದ ಮೇಲೆ ಗುಳಿಗೆಯೂ ಇಲ್ಲ, ಏಕಾದಶಿಗೆ ನಾನು ನೀರೂ ಮುಟ್ಟುವವನಲ್ಲ’ ಎಂದು ಮಾವ ಹಟ ಹಿಡಿದದ್ದನ್ನೂ, ಇದು ಏಕಾದಶಿಯಲ್ಲ ಮಂಗಳವಾರ ಎಂದು ಅತ್ತೆ ಬಾಯಿ ಬಿಡಿಸಿ ಹಾಕಿದ್ದನ್ನೂ ವಿವರಿಸುವುದಿಲ್ಲ. ಉಕ್ಕಿನ ಕೀಲು ಸರಿಯಾಗಿ ಕೂತಿತು. ಕೂರದೆ ಇದ್ದದ್ದು ನಾಡಿ. ವಾರ್ಡಿನ ಸಿಸ್ಟರ್ ಬಂದು “ಅಂಕಲ್, ದರ್ದ್ ಹೈ ಕ್ಯಾ?” ಎಂದು ನೋವು ವಿಚಾರಿಸಿದರೆ ಮಾವ ಮುಗುಳ್ನಕ್ಕು “ಫಸ್ಟ್ ಕ್ಲಾಸ್!” ಎನ್ನುತ್ತಿದ್ದರು. ಹೋಟೆಲಿನಲ್ಲಿ ದೂರು ಹೇಳುವವನು ಗಿರಾಕಿ. ಯಜಮಾನನನ್ನು ಯಾರು ಏನು ಕೇಳಿದರೂ ಉತ್ತರ ‘ಫಸ್ಟ್ ಕ್ಲಾಸ್’. ಇಲ್ಲಿ ತಾವೇ ಗಿರಾಕಿ ಎನ್ನುವುದು ಮಾವನ ತಲೆಗೆ ಹೋಗಲೇ ಇಲ್ಲ. ನೋವಿಲ್ಲ ಎಂದವರಿಗೆ ಸಿಸ್ಟರ್ ನೋವಿನ ಇಂಜೆಕ್ಷನ್ ಯಾಕೆ ಚುಚ್ಚುತ್ತಾಳೆ? ಪಕ್ಕದ ಹಾಸಿಗೆಯಲ್ಲಿ ತೊಡೆ ಮುರಿದುಕೊಂಡು ಮಲಗಿದ್ದ ಗುಲ್ಬರ್ಗಾ ಕಡೆಯ ಟೈಲರ್ ಖಾದರ್ ಸಾಹೇಬರು ಮಾತ್ರ ನನ್ನನ್ನು ನೋಡಿ, “ಕ್ಯಾ ಮಿಯಾ, ನಿಮ್ಮ ಮಾಮೂ ಹಲ್ಲು ಕಡಿಯೋ ಸಪ್ಪಳಕ್ಕ ನನ್ನ ಮಷಿನ್ ನೆನಪಾಗ್ತದ. ಮ್ಯಾಲೆ ಫಸ್ಟ್ ಕ್ಲಾಸ್ ಅಂತಾರ!” ಎಂದರು.

ಸಿಸ್ಟರ್ ಅತ್ತ ಹೋದ ಕೂಡಲೇ ಮಾವ ನನ್ನ ಅಂಗಿ ಹಿಡಿದು ಎಳೆದರು. “ಶ್ರೀಧರಾ, ಡ್ರಾವರಿನಲ್ಲಿ ಆ ಹಳೇ ನೋವಿನ ಗುಳಿಗೆ ಇನ್ನೂ ನಾಲ್ಕು ಉಂಟು. ತಂದುಕೊಡು. ಯಾರಿಗೂ ಹೇಳ್ಬೇಡ, ನನ್ನ ಮೇಲಾಣೆ.” ಹಣೆಯಲ್ಲಿ ಬೆವರು. ರಕ್ತ ಹೆಪ್ಪುಗಟ್ಟದಿರಲಿ ಎಂದು ಆಗಲೇ ಒಂದು ಔಷಧ ಕೊಡುತ್ತಿದ್ದಾರೆ, ಅದರ ಮೇಲೆ ಈ ಗುಳಿಗೆ ಬಿದ್ದರೆ ಹೊಲಿಗೆಯಲ್ಲೇ ರಕ್ತ ಹರಿಯುತ್ತದೆ ಎಂದು ಡಾಕ್ಟರು ನನಗೊಬ್ಬನಿಗೇ ಬೆರಳೆತ್ತಿ ಹೇಳಿದ್ದರು. ಗುಳಿಗೆ ತರುವಂತಿಲ್ಲ, ಹೇಳದಿರುವಂತಿಲ್ಲ, ಹೇಳಿದರೆ ಆಣೆ. ಅಷ್ಟರಲ್ಲಿ ಡಾಕ್ಟರು ವರಾಂಡದಲ್ಲಿ ನಿಂತು ಎದೆಯ ಡಾಕ್ಟರ ಜೊತೆ ಮಾತಾಡುವುದು ಕೇಳಿಸಿತು: ನಾಡಿ ಇಳಿಯುತ್ತಿಲ್ಲ, ಎದೆಯ ಗುಳಿಗೆ ಏರಿಸಬೇಕೇನೋ, ಏರಿಸಿದರೆ ಅದೇ ವಿಷವಾದೀತು.

ನಾನು ಏನನ್ನೂ ಹೇಳಲಿಲ್ಲ. ಅವರೆದುರು ಹೋಗಿ ನಿಂತು, ಮಾವನಾದೆ. ಸಿಸ್ಟರ್ ಬರುವ ಮೊದಲು ಮಾವ ಕೆಳತುಟಿ ಒಳಗೆಳೆದುಕೊಳ್ಳುವುದು, ಬಲಗೈ ಬೆರಳು ಗಲ್ಲಾದ ಮೇಲಿನ ಗಂಟೆ ಬಾರಿಸಿದ ಹಾಗೆ ಹಾಸಿಗೆಯ ಅಂಚನ್ನು ಬಡಿಯುವುದು, ಅವಳು ಬಂದ ತಕ್ಷಣ ಹಲ್ಲೆಲ್ಲ ಕಾಣುವ ಹಾಗೆ ‘ಫಸ್ಟ್ ಕ್ಲಾಸ್’, ಅವಳು ತಿರುಗಿದ ಮೇಲೆ ಕಣ್ಣು ಮುಚ್ಚಿ ಬಿಡುವ ಆ ತುಂಡುತುಂಡು ಉಸಿರು. ನನ್ನ ಜೀವಮಾನದಲ್ಲಿ ಪ್ರೇಕ್ಷಕರು ನಗದೆ ಇದ್ದ ಮೊದಲ ಪ್ರದರ್ಶನ ಅದು. ಎದೆಯ ಡಾಕ್ಟರು ಏನೋ ಕೇಳಹೊರಟರು. ಧಾರವಾಡದವರು ಕೈ ಅಡ್ಡ ಹಿಡಿದು, ಸೀದಾ ಒಳಗೆ ಹೋಗಿ, ಮಾವನ ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಿಸ್ಟರಿಗೆ ಮರಾಠಿಯಲ್ಲಿ ಅಪ್ಪಣೆಯಾಯಿತು: ನಾಡಿ ಓಡುತ್ತಿರುವುದು ನೋವಿಗೆ, ಇಂಜೆಕ್ಷನನ್ನು ಇವರನ್ನು ಕೇಳಿ ಕೊಡಬೇಡಿ, ಗಡಿಯಾರ ನೋಡಿ ಕೊಡಿ. ಇಂಜೆಕ್ಷನ್ ಬಿದ್ದು, ಮಾವ ಸಣ್ಣಗೆ ಗೊರಕೆ ಹೊಡೆದು, ಸಂಜೆಯ ಹೊತ್ತಿಗೆ ನಾಡಿ ಗಲ್ಲಾದ ಕುರ್ಚಿಯಲ್ಲಿ ಕುಳಿತಷ್ಟು ಗಂಭೀರವಾಯಿತು. ಎದೆಯ ಗುಳಿಗೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೊರಡುವಾಗ ಡಾಕ್ಟರು ನನ್ನ ಬೆನ್ನಿಗೆ ಒಂದು ಗುದ್ದಿ, “ನನ್ನದಕಿಂತ ನಿಮ್ಮ ಮಾವಂದು ಛಲೋ ಮಾಡ್ತೀರಿ” ಎಂದರು. ಅದು ಶಹಬ್ಬಾಸಗಿರಿಯೋ ಎಚ್ಚರಿಕೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಕೋಲು ಹಿಡಿದು ನಡೆಯುವುದು ಅಭ್ಯಾಸವಾಗಿ, ಮೆಟ್ಟಿಲಿಗೆ ಡಾಕ್ಟರು ಒಪ್ಪಿದ ದಿನ ಮಾವ ತಮ್ಮ ಮನೆಗೆ ಹೊರಟರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಒಳ್ಳೆಯ ಕಾಲು ಮೊದಲು, ಉಕ್ಕಿನ ಕಾಲು ಆಮೇಲೆ. ಪ್ರತಿ ಮಾಳಿಗೆಯಲ್ಲೂ ಬಾಗಿಲು ತೆರೆದು ಜನ ನೋಡುತ್ತಿದ್ದರು. ಮೇಲೆ ಅತ್ತೆ ಬುಟ್ಟಿಯ ಹಗ್ಗವನ್ನು ಸುತ್ತಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಎರಡನೆಯ ಮಾಳಿಗೆಯ ತಿರುವಿನಲ್ಲಿ ಮಾವ ದಣಿವಾರಿಸಿಕೊಳ್ಳಲು ನಿಂತರು. ಗುಳಿಗೆ ನಿಂತದ್ದು ನನ್ನಿಂದ, ಪ್ರಾಣಕ್ಕೆ ಸಂಚಕಾರ ಬಂದದ್ದು ನನ್ನಿಂದ, ಅದೆಲ್ಲ ಸರಿ. ಆದರೂ ಕಲಾವಿದನ ಹೊಟ್ಟೆಯಲ್ಲಿ ಒಂದು ಹುಳು ಇರುತ್ತದಲ್ಲ, ಅದು ನನ್ನ ಬಾಯಿಂದ ಕೇಳಿಯೇ ಬಿಟ್ಟಿತು: “ಮಾವ, ಬೈಯಬೇಡಿ. ಆವತ್ತು ಫೋನಿನಲ್ಲಿ ನಿಮಗೆ ನಿಜವಾಗಿ ಡಾಕ್ಟರೇ ಅನ್ನಿಸಿತಲ್ಲ?”

ಮಾವ ನನ್ನನ್ನು ಓರೆಯಾಗಿ ನೋಡಿದರು. “ನೀನು ಅಂತ ಗೊತ್ತಿತ್ತು.”

“ಗೊತ್ತಿತ್ತಾ? ಮತ್ತೆ ಎದೆಯ ಗುಳಿಗೆ ಯಾಕೆ ಬಿಟ್ಟಿರಿ?”

“ಹೆದರಿಕೆ ಮಾರಾಯ! ಸೊಂಟ ಬಿಚ್ಚಿ ಸ್ಟೀಲ್ ಇಡೂದಂದ್ರೆ ಲೋಟ ಬದಲಾಯಿಸಿದ ಹಾಗಾ? ಆಪರೇಷನ್ ಬೇಡ ಅಂತ ನಾನೇ ಹೇಳಿದ್ರೆ ನಿನ್ನ ಅತ್ತೆ ಬಿಡ್ತಾಳಾ? ಒಂದು ನೆಪ ಬೇಕಿತ್ತು. ನೀನೇ ಫೋನ್ ಮಾಡಿ ಕೊಟ್ಟೆ.”

ನನ್ನ ಅಪರಾಧ ಅರ್ಧ ಇಳಿದದ್ದಕ್ಕೆ ಸಂತೋಷಪಡಬೇಕಿತ್ತು. ನನಗೆ ಆದದ್ದು ಅವಮಾನ. “ಹಾಗಾದರೆ ನನ್ನ ದನಿ ಎಲ್ಲಿ ತಪ್ಪಿತು?” ಎಂದೆ.

“ದನಿ ಫಸ್ಟ್ ಕ್ಲಾಸ್” ಎಂದರು ಮಾವ. ಆ ಮಾತಿಗೆ ಎಷ್ಟು ಬೆಲೆ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಆಮೇಲೆ ಒಳ್ಳೆಯ ಕಾಲನ್ನು ಮುಂದಿನ ಮೆಟ್ಟಿಲಿಗೆ ಊರಿ, ಮೇಲೆ ನಿಂತಿದ್ದ ಅತ್ತೆಯ ಕಡೆಗೆ ಮುಖವೆತ್ತಿ ಹೇಳಿದರು: “ಆ ಡಾಕ್ಟರು ನನ್ನ ಹತ್ರ ತಿನ್ನಬೇಡ ಅಂತ ಹೇಳದ ದಿವಸ ಇಲ್ಲ ಮಾರಾಯ. ಊಟ ಆಯ್ತಾ ಅಂತ ಕೇಳಿದವ ನೀನೊಬ್ಬನೇ.”